ಡೀಸೆಲ್ ಕುಡಿದವರು ಯಾರು?

ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳನ್ನು ಪೂರ್ತಿ ನಂಬುವ ಮನುಷ್ಯನನ್ನು ನಾನಿನ್ನೂ ನೋಡಬೇಕು. ಮುಳ್ಳು ಕೆಂಪು ಗೆರೆ ಮುಟ್ಟಿದರೂ "ಅಯ್ಯೋ, ಇನ್ನೂ ನಲವತ್ತು ಕಿಲೋಮೀಟರ್ ಬರುತ್ತೆ ಬಿಡ್ರೀ" ಅನ್ನುವವರದು ಒಂದು ಪಂಗಡ. ಅರ್ಧಕ್ಕೆ ಇಳಿಯುವ ಹೊತ್ತಿಗೇ ಕತ್ತು ಉದ್ದ ಮಾಡಿ ಬಂಕು ಹುಡುಕುವವರದು ಇನ್ನೊಂದು. ಈ ಎರಡು ಪಂಗಡದವರನ್ನು ಹುಡುಕಿ ಹುಡುಕಿ ಒಬ್ಬರಿಗೊಬ್ಬರನ್ನು ಮದುವೆ ಮಾಡಿಸುವ ದೇವರ ಬಗ್ಗೆ ಇನ್ನೊಮ್ಮೆ ಮಾತಾಡೋಣ. ಬೈಕಿನವರಂತೂ ಮುಳ್ಳಿನ ಉಸಾಬರಿಗೇ ಹೋಗುವುದಿಲ್ಲ. ಗಾಡಿಯನ್ನು ತೊಡೆಗಳ ನಡುವೆ ಹಿಡಿದು ಗಡಗಡ ಅಲ್ಲಾಡಿಸುತ್ತಾರೆ, ಕಿವಿ ಕೊಡುತ್ತಾರೆ, "ಇದೆ" ಎಂದು ತೀರ್ಪು ಹೇಳಿ ಹೊರಡುತ್ತಾರೆ. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವ ಪ್ರಸಂಗ ಸಾಮಾನ್ಯವಾಗಿ ಫ್ಲೈಓವರಿನ ನಟ್ಟನಡುವೆ ಬರುತ್ತದೆ.

ಮುಳ್ಳಿಗೆ ಈ ಅಪಖ್ಯಾತಿ ಸುಮ್ಮನೆ ಬಂದದ್ದಲ್ಲ. ಟ್ಯಾಂಕಿನೊಳಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಒಂದು ಫ್ಲೋಟ್. ಎಣ್ಣೆ ಇಳಿದಂತೆ ಫ್ಲೋಟ್ ಇಳಿಯುತ್ತದೆ, ಕಡ್ಡಿಯ ಇನ್ನೊಂದು ತುದಿ ರೆಸಿಸ್ಟರ್ ಪಟ್ಟಿಯೊಂದರ ಮೇಲೆ ಸವರಿಕೊಂಡು ಹೋಗುತ್ತದೆ, ಆ ಸವರಾಟಕ್ಕೆ ತಕ್ಕಂತೆ ಮುಳ್ಳು ವಾಲುತ್ತದೆ. ಫುಲ್ ಟ್ಯಾಂಕ್ ಮಾಡಿಸಿದಾಗ ಫ್ಲೋಟ್ ಮೇಲೇರುವಷ್ಟು ಏರಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ, ಡೀಸೆಲ್ ಅದರ ತಲೆಯ ಮೇಲೂ ನಿಂತಿರುತ್ತದೆ. ಹಾಗಾಗಿ ಮೊದಲ ಕೆಲವು ಲೀಟರ್ ಉರಿದುಹೋದರೂ ಮುಳ್ಳು ಮಿಸುಕುವುದಿಲ್ಲ. ಹೊಸ ಕಾರು ಕೊಂಡವರು "ನಮ್ಮ ಗಾಡಿ ಎಂಥಾ ಮೈಲೇಜ್ ಗೊತ್ತಾ!" ಎಂದು ಬೀಗರ ಮುಂದೆ ಕೊಚ್ಚಿಕೊಳ್ಳುವುದು ಈ ಘಟ್ಟದಲ್ಲೇ. ಅರ್ಧ ದಾಟಿದ ಮೇಲೆ ಅದೇ ಮುಳ್ಳು ಎಲ್ಲಿಗೋ ಬಸ್ಸು ಹಿಡಿಯುವ ಅವಸರದಲ್ಲಿ ಇಳಿಯತೊಡಗುತ್ತದೆ, ಆಗ ಬೀಗರು ಜತೆಯಲ್ಲಿರುವುದಿಲ್ಲ.

ನಿಮ್ಮ ನನ್ನ ಕಾರಿನ ಮಟ್ಟಿಗೆ ಇದು ನಗುವ ಸಂಗತಿ. ಲಾರಿ ಓನರಿಗೆ ಹಾಗಲ್ಲ. 300 ಲೀಟರ್ ಹಿಡಿಯುವ ಟ್ಯಾಂಕು, ಲೀಟರಿಗೆ 90 ರೂಪಾಯಿ ಆಚೀಚೆ ಎಂದರೂ 27,000 ರೂಪಾಯಿಯನ್ನು ಗಾಡಿಯ ಸೊಂಟಕ್ಕೆ ಕಟ್ಟಿ, ಅದಕ್ಕೊಂದು ಮುಚ್ಚಳ ತಿರುಪಿ, ರಾತ್ರಿ ಹೊತ್ತು ಹೆದ್ದಾರಿಗೆ ಬಿಟ್ಟು ಮನೆಗೆ ಬಂದು ಮಲಗಬೇಕು. ಬೀರುವಿನಲ್ಲಿ ಎರಡು ಸಾವಿರ ಇಟ್ಟರೂ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ ಮನುಷ್ಯನಿಗೆ ನಿದ್ದೆ ಹೇಗೆ ಬಂದೀತು? ಗಾಡಿ ವಾಪಸ್ ಬಂದ ಕೂಡಲೇ ಅವನ ಬಾಯಿಂದ "ಊಟ ಆಯ್ತಾ" ಎನ್ನುವುದಕ್ಕೂ ಮೊದಲು ಹೊರಡುವ ಪ್ರಶ್ನೆ: "ಡೀಸೆಲ್ ಎಲ್ಲಿ ಹೋಯ್ತಯ್ಯಾ?"

ಡ್ರೈವರಣ್ಣನ ಹತ್ತಿರ ಉತ್ತರಗಳ ಉಗ್ರಾಣವೇ ಇರುತ್ತದೆ. ಲೋಡು ಜಾಸ್ತಿ ಇತ್ತು. ಎದುರು ಗಾಳಿ. ನೆಲಮಂಗಲದಿಂದ ಈಚೆಗೆ ಇಂಚಿಂಚಾಗಿ ಬಂದೆ. ಅನ್‌ಲೋಡಿಂಗ್ ಜಾಗದಲ್ಲಿ ಇಂಜಿನ್ ಆನಲ್ಲೇ ಇತ್ತು. ಟೈರಲ್ಲಿ ಗಾಳಿ ಕಮ್ಮಿ. ಬಂಕಿನವನೇ ಕಮ್ಮಿ ಹೊಡೆದಿದ್ದಾನೆ. ಮಜಾ ಏನೆಂದರೆ ಕೊನೆಯದೊಂದು ಬಿಟ್ಟರೆ ಇವಿಷ್ಟೂ ಡೀಸೆಲ್ ಕುಡಿಯುವ ಅಪ್ಪಟ ಕಾರಣಗಳೇ, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟರೂ ತಲೆಯಾಡಿಸುವಂಥವು. ಆದರೆ ಎಲ್ಲಾ ಒಂದೇ ಟ್ರಿಪ್ಪಿನಲ್ಲಿ, ಪ್ರತಿ ಟ್ರಿಪ್ಪಿನಲ್ಲೂ ಕೂಡಿ ಬಂದಾಗ ಯಜಮಾನರಿಗೆ ಹೊಟ್ಟೆಯಲ್ಲಿ ತಳಮಳ. ಅಂಥ ಒಂದು ತಳಮಳದ ಹೊತ್ತಿನಲ್ಲಿ ಯಾರೋ ಅವರ ಕಿವಿಗೆ ಹಾಕುತ್ತಾರೆ: "ಸೆನ್ಸರ್ ಹಾಕಿಸಿ ಸಾರ್. ಮನೇಲಿ ಕೂತು ಮೊಬೈಲಲ್ಲಿ ನೋಡ್ಬೋದು."

ನೋಡಲು ಈ ಸೆನ್ಸರ್ ಅಂಥ ಮಹಾಪುರುಷನೇನಲ್ಲ. ಕಿಟಕಿ ಪರದೆಗೆ ಹಾಕುವ ಪೈಪಿನ ಗಾತ್ರದ ಅಲ್ಯುಮಿನಿಯಂ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ಎರಡೂ ಒಂದನ್ನೊಂದು ಮುಟ್ಟುವಂತಿಲ್ಲ. ತಲೆಯ ಮೇಲೊಂದು ಪ್ಲಾಸ್ಟಿಕ್ ಟೋಪಿ, ಟೋಪಿಯೊಳಗೆ ಎಲೆಕ್ಟ್ರಾನಿಕ್ಸ್, ಅಲ್ಲಿಂದ ಹೊರಡುವ ವೈರು. ಪಿಯುಸಿಯಲ್ಲಿ ಉರು ಹೊಡೆದು ಪರೀಕ್ಷೆಯ ಮರುದಿನವೇ ಮರೆತ ಕೆಪಾಸಿಟರ್ ಇದು. ಕೊಳವೆಗಳ ನಡುವೆ ಗಾಳಿ ಇದ್ದರೆ ಅದು ಹಿಡಿದಿಡುವ ವಿದ್ಯುತ್ತು ಇಷ್ಟು, ಗಾಳಿಯ ಜಾಗಕ್ಕೆ ಡೀಸೆಲ್ ಬಂದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಎಲ್ಲಿಯವರೆಗೆ ಡೀಸೆಲ್, ಎಲ್ಲಿಂದ ಮೇಲೆ ಗಾಳಿ ಎಂಬುದು ಇದರಿಂದ ಗೊತ್ತಾಗುತ್ತದೆ. ಇಂಥವನ್ನು ತಯಾರಿಸುವುದರಲ್ಲಿ ರಷ್ಯಾ, ಬೆಲಾರೂಸ್ ಕಡೆಯ ಕಂಪನಿಗಳು ಪಳಗಿವೆ. ಅಂದರೆ ಅಲ್ಲೂ ಡೀಸೆಲ್ ಆವಿಯಾಗುತ್ತಿತ್ತು ಎಂದಾಯಿತು, ನಮಗೊಂದು ಸಮಾಧಾನ.

ಈಗ ಗಮನಿಸಿ. ಈ ಕೋಲಿಗೆ ಗೊತ್ತಿರುವುದು ಎತ್ತರ ಒಂದೇ. ಲೀಟರ್ ಅಂದರೇನು ಅದಕ್ಕೆ ಗೊತ್ತಿಲ್ಲ, ಕಳ್ಳ ಅಂದರೇನು ಮೊದಲೇ ಗೊತ್ತಿಲ್ಲ. ಎತ್ತರವನ್ನು ಲೀಟರ್ ಮಾಡುವುದು ಕ್ಯಾಲಿಬ್ರೇಶನ್ ಮಾಡುವ ಮೆಕ್ಯಾನಿಕ್ಕಿನ ಕೆಲಸ. ಲೀಟರನ್ನು ಕಳ್ಳ ಮಾಡುವುದು ಓನರ್ ಕೆಲಸ. ತಂಟೆಯೆಲ್ಲ ಹುಟ್ಟುವುದು ಈ ಎರಡು ಮೆಟ್ಟಿಲ ನಡುವೆ.

ಇದೇನೂ ಇವತ್ತಿನ ತಂಟೆಯಲ್ಲ. ಗ್ರಹಗಳು ಓಡಾಡುವ ದಾರಿ ಕಂಡುಹಿಡಿದ ಕೆಪ್ಲರ್ ಇದ್ದಾನಲ್ಲ, ಅವನು 1613ರಲ್ಲಿ ಎರಡನೇ ಮದುವೆಯಾದ. ಸಂಸಾರ ಅಂದಮೇಲೆ ಸಾಮಾನು ಬೇಕಲ್ಲ, ಆಸ್ಟ್ರಿಯಾದ ಲಿಂಜ್ ಊರಿನ ತನ್ನ ಮನೆಗೆ ವೈನ್ ಪೀಪಾಯಿಗಳನ್ನು ತರಿಸಿದ. ವ್ಯಾಪಾರಿ ಬಂದವನೇ ಪೀಪಾಯಿಯ ತೂತಿನಿಂದ ಒಂದು ಕೋಲನ್ನು ಓರೆಯಾಗಿ ಮೂಲೆಗೆ ಚುಚ್ಚಿ, ಕೋಲು ಎಷ್ಟು ಉದ್ದ ಹೋಯಿತೋ ನೋಡಿ, ಇಷ್ಟು ದುಡ್ಡು ಕೊಡಿ ಅಂದ. ಮದುಮಗನಿಗೆ ಪಿತ್ತ ಕೆದರಿತು. ಪೀಪಾಯಿ ಡುಬ್ಬವಾಗಿದೆಯೋ ಸಪೂರವಾಗಿದೆಯೋ ನೋಡದೆ ಬರೀ ಕೋಲಿನ ಉದ್ದಕ್ಕೆ ರೇಟೇ? ಹೊಸ ಹೆಂಡತಿಯ ಮುಂದೆ ಸುಮ್ಮನಿರಲಾಗದೆ ಲೆಕ್ಕಕ್ಕೆ ಕೂತ. 1615ರಲ್ಲಿ ಬರೀ ವೈನ್ ಪೀಪಾಯಿಯ ಅಳತೆಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕವನ್ನೇ ತಂದ. ಗಣಿತದ ಚರಿತ್ರೆಯಲ್ಲಿ ಅದು ದೊಡ್ಡ ಪುಸ್ತಕ. ಆದರೆ ಒಳಗಿನ ತಮಾಷೆ ಕೇಳಿ: ಆಸ್ಟ್ರಿಯಾದ ಪೀಪಾಯಿಗಳ ಆಕಾರ ಎಂಥ ಹದದಲ್ಲಿತ್ತೆಂದರೆ, ಸ್ವಲ್ಪ ಆಚೀಚೆಯಾದರೂ ವ್ಯಾಪಾರಿಯ ಕೋಲಿನ ಲೆಕ್ಕ ಅಷ್ಟೇನೂ ತಪ್ಪುತ್ತಿರಲಿಲ್ಲ ಎಂದು ಕೆಪ್ಲರನೇ ಒಪ್ಪಬೇಕಾಯಿತು. ವ್ಯಾಪಾರಿ ಬಾಕಿ ವಸೂಲು ಮಾಡಿದನೋ ಇಲ್ಲವೋ ಯಾರೂ ಬರೆದಿಟ್ಟಿಲ್ಲ.

ನಮ್ಮ ಲಾರಿ ಟ್ಯಾಂಕಿಗೆ ಅಂಥ ಯೋಗವಿಲ್ಲ. ಒಂದು ಚೌಕ, ಒಂದು ಅಡ್ಡ ಮಲಗಿದ ಸಿಲಿಂಡರು, ಒಂದಕ್ಕೆ ಚಾಸಿಗೆ ಹೊಂದಲೆಂದು ಮೂಲೆ ಕತ್ತರಿಸಿದ್ದಾರೆ, ಇನ್ನೊಂದು ಯಾವುದೋ ಹಂಪಿನ ಮೇಲೆ ಕೂತು ಹೊಟ್ಟೆ ಒಳಗೆ ಮಾಡಿಕೊಂಡಿದೆ. ಸಿಲಿಂಡರ್ ಟ್ಯಾಂಕಿನಲ್ಲಿ ಅರ್ಧ ಎತ್ತರಕ್ಕೆ ಅರ್ಧ ಡೀಸೆಲ್ ಇರುವುದು ನಿಜ, ಆದರೆ ಕಾಲು ಎತ್ತರಕ್ಕೆ ಕಾಲು ಭಾಗ ಇರುವುದಿಲ್ಲ, ಶೇಕಡಾ 20ಕ್ಕೂ ಕಡಿಮೆ. ಎತ್ತರದಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಉಳಿದಿರುವುದು ಶೇಕಡಾ 5 ಚಿಲ್ಲರೆ. "ಇನ್ನೂ ಹತ್ತರಲ್ಲಿ ಒಂದು ಪಾಲು ಇದೆ" ಎಂದುಕೊಂಡು ಶಿರಾ ದಾಟಲು ಹೊರಟವನು ದಾಬಸ್‌ಪೇಟೆಯಲ್ಲೇ ಏರ್ ಹಿಡಿದ ಇಂಜಿನ್ ಮುಂದೆ ಪಂಪು ಒತ್ತುತ್ತಾ ಕೂರುತ್ತಾನೆ. ಆದ್ದರಿಂದ ಸೂತ್ರ ಹಾಕಿ ಲೆಕ್ಕ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಟ್ಯಾಂಕು ಖಾಲಿ ಮಾಡು, ಅಳೆದು ಅಳೆದು ಸುರಿ, ಪ್ರತಿ ಸಲ ಕೋಲು ಏನು ಹೇಳಿತು ಬರೆದುಕೋ. ಇಷ್ಟೇ ಕ್ಯಾಲಿಬ್ರೇಶನ್. ಹೇಳುವುದಕ್ಕೆ ಒಂದು ಸಾಲು, ಮಾಡುವುದಕ್ಕೆ ಒಂದು ದಿನ.

ತುಮಕೂರು ರಸ್ತೆಯ ಬದಿಯ ಶೆಡ್ಡೊಂದರಲ್ಲಿ ಈ ಕಾರ್ಯಕ್ರಮ ನಡೆಯುವುದನ್ನು ಬಿಡುವು ಮಾಡಿಕೊಂಡು ನೋಡಬೇಕು. ಪ್ರವೇಶ ಉಚಿತ, ಟೀ ಯಜಮಾನರದು. ಮೊದಲು ಗಾಡಿಯನ್ನು ಮಟ್ಟವಾದ ನೆಲದ ಮೇಲೆ ನಿಲ್ಲಿಸಬೇಕು. ನಮ್ಮ ಶೆಡ್ಡುಗಳ ನೆಲ ಮಳೆನೀರು ಹರಿಯಲೆಂದು ಒಂದು ಕಡೆಗೆ ವಾಲಿಯೇ ಇರುತ್ತದೆ. ಹಾಗಾಗಿ ಬುದ್ಧಿವಂತ ಮೆಕ್ಯಾನಿಕ್ ಗಾರೆಯವರ ಹತ್ತಿರ ಇರುವ ರಸಮಟ್ಟವನ್ನು ತಂದು ಟ್ಯಾಂಕಿನ ಮೇಲಿಟ್ಟು, ಮುಂದಕ್ಕೆ ಹಿಂದಕ್ಕೆ ಮಾಡಿಸಿ, ಗುಳ್ಳೆ ನಡುವೆ ಬರುವ ತನಕ ಬಿಡುವುದಿಲ್ಲ. ಆಮೇಲೆ ಬ್ಯಾಟರಿ ವೈರು ಬಿಚ್ಚು, ಡೀಸೆಲ್ ಇಳಿಸು, ಟ್ಯಾಂಕಿನ ನಟ್ಟನಡುವೆ ಗುರುತು ಹಾಕು. ಡ್ರಿಲ್ಲಿನ ಬಿಟ್ಟಿಗೆ ಗ್ರೀಸ್ ಮೆತ್ತುತ್ತಾರೆ, ಕೊರೆದ ಚೂರು ಒಳಗೆ ಬೀಳದೆ ಅಂಟಿಕೊಳ್ಳಲಿ ಎಂದು. ಬಿದ್ದ ಚೂರನ್ನು ಎತ್ತಲು ಸಹಾಯಕ ಹುಡುಗ ಹುಮ್ಮಸ್ಸಿನಿಂದ ಆಯಸ್ಕಾಂತ ಇಳಿಸುತ್ತಾನೆ. ಟ್ಯಾಂಕು ಅಲ್ಯುಮಿನಿಯಂದು ಎಂದು ಯಾರಾದರೂ ನೆನಪಿಸುವ ತನಕ ಮೀನು ಹಿಡಿಯುವ ಸಹನೆಯಿಂದ ಕೂತಿರುತ್ತಾನೆ. ತೂತಿಗೆ ಕೂರಿಸುವ ಗ್ಯಾಸ್ಕೆಟ್ಟಿಗೆ ಬಾತ್ರೂಮಿಗೆ ಹಚ್ಚುವ ಸಿಲಿಕೋನ್ ಹಚ್ಚಿದರೆ ಕೆಲವೇ ದಿನಕ್ಕೆ ಊದಿ ಬಿಟ್ಟುಕೊಳ್ಳುತ್ತದೆ, ಡೀಸೆಲ್ಲಿಗೆ ತಡೆಯುವ ಅಂಟೇ ಬೇಕು.

ಪೆಟ್ರೋಲ್ ಟ್ಯಾಂಕಾದರೆ ಮಾತೇ ಬೇರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ, ಒಳಗಿನ ಆವಿ ಗಾಳಿಯೊಂದಿಗೆ ಬೆರೆತು ಒಂದೇ ಒಂದು ಕಿಡಿಗೆ ಕಾದಿರುತ್ತದೆ. ಬಿಚ್ಚಿ, ತೊಳೆದು, ನೀರು ತುಂಬಿಸಿ ಆವಿಯನ್ನು ಹೊರಗಟ್ಟದೆ ಅದಕ್ಕೆ ಡ್ರಿಲ್ ಮುಟ್ಟಿಸಬಾರದು. ಇದೊಂದು ವಿಷಯದಲ್ಲಿ ನಾನು ತಮಾಷೆ ಮಾಡುವವನಲ್ಲ.

ಸೆನ್ಸರಿನ ಕೊಳವೆ ಉದ್ದವಾಗಿಯೇ ಬರುತ್ತದೆ, ಟ್ಯಾಂಕಿನ ಆಳ ನೋಡಿ ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ಯಬೇಕು. ಸಾವಿರಾರು ರೂಪಾಯಿಯ ಹೊಸ ಸಾಮಾನನ್ನು ಡಬ್ಬಿಯಿಂದ ತೆಗೆದ ಕೂಡಲೇ ಗರಗಸ ಹಾಕುವುದನ್ನು ನೋಡಿ ಯಜಮಾನರ ಮುಖ ಇಂಗು ತಿಂದಂತಾಗುತ್ತದೆ. ತಳಕ್ಕೆ ಮುಟ್ಟುವಷ್ಟು ಉದ್ದ ಬಿಡುವಂತಿಲ್ಲ, ಒಂದೆರಡು ಸೆಂಟಿಮೀಟರ್ ಮೇಲಕ್ಕೇ ನಿಲ್ಲಬೇಕು. ಏಕೆಂದರೆ ತಳದಲ್ಲಿ ನೀರು, ತುಕ್ಕು, ಕೆಸರು, ಹಿಂದೆ ಯಾವಾಗಲೋ ಬಿದ್ದ ಮುಚ್ಚಳದ ವಾಷರು ಎಲ್ಲ ಸಂಸಾರ ಹೂಡಿರುತ್ತವೆ. ಕುಯ್ದ ಮೇಲೆ ಕೊಳವೆಯನ್ನು ಡೀಸೆಲ್ಲಿನಲ್ಲಿ ಪೂರ್ತಿ ಮುಳುಗಿಸಿ "ಇದು ಫುಲ್" ಎಂದೂ, ಎತ್ತಿ ಸೋರಿಸಿ "ಇದು ಖಾಲಿ" ಎಂದೂ ಅದಕ್ಕೆ ಪಾಠ ಹೇಳಿಕೊಡುತ್ತಾರೆ. ಖಾಲಿಗೆ 0, ಫುಲ್ಲಿಗೆ 4095 ಎಂದು ಎಣಿಸುವ ಜಾತಿಯವು ಸಾಕಷ್ಟಿವೆ. ಆಮೇಲೆ ಶುರು ಸುರಿಯುವ ಕಾರ್ಯಕ್ರಮ.

ಯಜಮಾನರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಡ್ರೈವರಣ್ಣ ದೂರದಲ್ಲಿ, ಕೈ ಕಟ್ಟಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡುತ್ತಿದ್ದಾನೆ. ಒಬ್ಬ ಕ್ಯಾನಿನಿಂದ ಸುರಿಯುತ್ತಾನೆ, ಮೆಕ್ಯಾನಿಕ್ ಲ್ಯಾಪ್‌ಟಾಪ್ ನೋಡಿ ಕೂಗುತ್ತಾನೆ, ಹುಡುಗ ರಟ್ಟಿನ ಮೇಲೆ ಬರೆಯುತ್ತಾನೆ.

"ಇಪ್ಪತ್ತು ಬಿತ್ತಣ್ಣ!"

"ತಡಿಯೋ, ನೊರೆ ಇಳೀಲಿ... ನೂರಾ ಹದಿನಾಲ್ಕು. ಬರ್ಕೋ. ಇನ್ನೊಂದು ಹಾಕು."

"ನಲವತ್ತಾಯ್ತು!"

"ಮುನ್ನೂರ ತೊಂಬತ್ತೆಂಟು."

ಯಜಮಾನರ ಕುರ್ಚಿ ಕಿರುಗುಟ್ಟುತ್ತದೆ. "ನಿಲ್ಸಿ ನಿಲ್ಸಿ. ಮೊದಲ್ನೇ ಕ್ಯಾನಿಗೆ ನೂರಾ ಹದಿನಾಲ್ಕು. ಎರಡನೇದಕ್ಕೆ ಇನ್ನೂರ ಎಂಬತ್ನಾಲ್ಕು ಏರ್ತು. ಮೊದಲ್ನೇ ಕ್ಯಾನಲ್ಲಿ ಡೀಸೆಲ್ ಕಮ್ಮಿ ಇತ್ತಾ?"

"ಇಲ್ಲ ಯಜಮಾನ್ರೇ. ಪೈಪು ತಳ ಮುಟ್ಟಲ್ವಲ್ಲ. ಕೆಳಗಡೆ ಹನ್ನೆರಡು ಲೀಟ್ರು ಅದಕ್ಕೆ ಕಾಣ್ಸಲ್ಲ."

"ಅಂದ್ರೆ ಹನ್ನೆರಡು ಲೀಟ್ರು ಲೆಕ್ಕಕ್ಕೇ ಇಲ್ವಾ?" ಯಜಮಾನರು ದನಿ ತಗ್ಗಿಸುತ್ತಾರೆ. "ಇದನ್ನ ಡ್ರೈವರ್‌ಗೆ ಮಾತ್ರ ಹೇಳ್ಬೇಡಿ."

"ಕೇಳಿಸ್ತು ಬಿಡಿ ಯಜಮಾನ್ರೇ," ಎಂದು ಆಕಾಶ ನೋಡುತ್ತಿದ್ದವನು ಅಲ್ಲಿಂದಲೇ ಅನ್ನುತ್ತಾನೆ.

ಹನ್ನೆರಡು ಲೀಟರ್ ಎಲ್ಲಿಂದ ಬಂತು ಅಂದರೆ, ಆ ಟ್ಯಾಂಕಿನ ಉದ್ದ 120 ಸೆಂಟಿಮೀಟರ್, ಅಗಲ 50. ಒಂದು ಸೆಂಟಿಮೀಟರ್ ಎತ್ತರಕ್ಕೆ 6 ಲೀಟರ್, ಎರಡಕ್ಕೆ 12. ಇಂಜಿನ್ನಿಗೆ ಡೀಸೆಲ್ ಎಳೆಯುವ ಪೈಪೂ ತಳ ಮುಟ್ಟುವುದಿಲ್ಲವಾದ್ದರಿಂದ ಅದರಲ್ಲಿ ಬಹುಪಾಲು ಗಾಡಿಗೂ ಸಿಕ್ಕುವುದಿಲ್ಲ. ಹೀಗೆಯೇ ಮುಂದಕ್ಕೆ ಲೆಕ್ಕ ಹಾಕಿ. ಒಂದು ಮಿಲಿಮೀಟರಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು, 600 ಮಿಲಿಲೀಟರ್. ಅಂದರೆ ಡೀಸೆಲ್ಲಿನ ಮೇಲ್ಮೈ ಒಂದು ಅಕ್ಕಿಕಾಳಿನ ದಪ್ಪದಷ್ಟು ಅಲುಗಿದರೆ ಓನರ್ ಮೊಬೈಲಿನಲ್ಲಿ ಒಂದು ಲೀಟರ್ ಹೆಚ್ಚುಕಡಿಮೆ. ಆದ್ದರಿಂದಲೇ ಒಳ್ಳೆಯ ಮೆಕ್ಯಾನಿಕ್ ಕ್ಯಾನಿನ ವಿಷಯದಲ್ಲಿ ಜಿಪುಣ. ಅಂಗಡಿಯಲ್ಲಿ "ಇಪ್ಪತ್ತು ಲೀಟರ್" ಎಂದು ಕೊಡುವ ಪ್ಲಾಸ್ಟಿಕ್ ಕ್ಯಾನು ಕುತ್ತಿಗೆವರೆಗೆ ತುಂಬಿದರೆ ಇಪ್ಪತ್ತು ದಾಟುತ್ತದೆ. ಅಳತೆ ಗೊತ್ತಿರುವ ಪಾತ್ರೆಯಲ್ಲೋ ಫ್ಲೋಮೀಟರಿನಲ್ಲೋ ಅಳೆದು ಸುರಿಯದಿದ್ದರೆ, ಮೊದಲ ದಿನವೇ ಟೇಬಲ್ಲಿನೊಳಗೆ ಕಳ್ಳನೊಬ್ಬ ಸೇರಿಕೊಳ್ಳುತ್ತಾನೆ, ಅವನನ್ನು ಮುಂದೆ ಯಾವ ಪೊಲೀಸೂ ಹಿಡಿಯಲಾರ. ಕೆಲವರು ಗಾಡಿಯನ್ನು ಸೀದಾ ಬಂಕಿಗೇ ಹೊಡೆದುಕೊಂಡು ಹೋಗಿ ಇಪ್ಪತ್ತಿಪ್ಪತ್ತು ಲೀಟರಿಗೆ ನಿಲ್ಲಿಸಿ ನಿಲ್ಲಿಸಿ ಹಾಕಿಸುತ್ತಾರೆ. ಹಿಂದೆ ಸಾಲುಗಟ್ಟಿದವರು ಆಗ ಆಡುವ ಮಾತುಗಳನ್ನು ಯಾವ ನಿಘಂಟಿನವರೂ ಇನ್ನೂ ಸೇರಿಸಿಕೊಂಡಿಲ್ಲ.

ಸೆನ್ಸರನ್ನು ಟ್ಯಾಂಕಿನ ನಡುಮಧ್ಯೆಯೇ ಇಳಿಸಬೇಕೆಂದು ಹಟ ಹಿಡಿಯುವುದು ಯಾಕೆ ಎಂಬುದು ಘಾಟಿ ಹತ್ತಿದಾಗ ತಿಳಿಯುತ್ತದೆ. ನಡುವೆ ಕ್ಲಾಂಪು ಅಡ್ಡ ಬಂತು, ಒಳಗಿನ ಅಲೆ ತಡೆಯುವ ತಗಡು ಅಡ್ಡ ಬಂತು, ಇಲ್ಲೇ ಮುಂದುಗಡೆ ಕೂರಿಸೋಣ ಬಿಡಿ, ಏನಾಗುತ್ತೆ ಎಂದು ಕೂರಿಸಿದ ಒಂದು ಗಾಡಿ ಮಂಗಳೂರಿನಿಂದ ಬೆಂಗಳೂರಿಗೆ ಹೊರಟಿದೆ ಎನ್ನಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತದೆ. ಮೂತಿ ಮೇಲಾಯಿತು, ಡೀಸೆಲ್ ಹಿಂದಕ್ಕೆ ಸರಿಯಿತು. ಇಪ್ಪತ್ತಡಿಗೆ ಒಂದಡಿ ಏರುವ ಇಳಿಜಾರಾದರೂ ಸಾಕು, ಟ್ಯಾಂಕಿನ ಮುಂದಿನ ತುದಿಯಲ್ಲಿ ಮಟ್ಟ 3 ಸೆಂಟಿಮೀಟರ್ ಇಳಿಯುತ್ತದೆ. ಮೂರಾರಲೇ ಹದಿನೆಂಟು. ಒಂದು ತೊಟ್ಟೂ ಚೆಲ್ಲದೆ ಓನರ್ ಮೊಬೈಲಿನಲ್ಲಿ 18 ಲೀಟರ್ ಮಾಯ, 1,620 ರೂಪಾಯಿ ನಾಮ. ನಡುವೆ ಇದ್ದಿದ್ದರೆ ಒಂದು ತುದಿ ಇಳಿದಷ್ಟು ಇನ್ನೊಂದು ಏರಿ, ಕೋಲಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಉದ್ದನೆಯ ಟ್ಯಾಂಕಿಗೆ ಎರಡೂ ತುದಿಗೆ ಒಂದೊಂದು ಸೆನ್ಸರ್ ಹಾಕಿ ಸರಾಸರಿ ತೆಗೆಯುವುದೂ ಇದಕ್ಕೇ.

ಯಜಮಾನರು ಬೆಂಗಳೂರಿನಿಂದ ಫೋನು ಹಚ್ಚುತ್ತಾರೆ. "ಎಲ್ಲಿದ್ದೀಯಾ? ಯಾರಿಗೆ ಇಳಿಸ್ದೆ?" ಎಂದು ಶುರುವಾದ ಜಗಳ ಸಕಲೇಶಪುರ ತಲುಪುವ ತನಕ ನಡೆಯುತ್ತದೆ. ಅಲ್ಲಿ ರಸ್ತೆ ಮಟ್ಟವಾದ ಕೂಡಲೇ 18 ಲೀಟರ್ ವಾಪಸ್ ಬಂದು ಕೂತಿರುತ್ತದೆ. ಈಗ ಯಜಮಾನರಿಗೆ ಹೊಸ ತಲೆನೋವು: ಗುಂಡ್ಯದಲ್ಲಿ ಕದ್ದವನು ಸಕಲೇಶಪುರದಲ್ಲಿ ಯಾಕೆ ವಾಪಸ್ ಹಾಕಿದ? ಪಶ್ಚಾತ್ತಾಪವೋ? ದಾರಿಯಲ್ಲಿ ಯಾವುದಾದರೂ ದೇವಸ್ಥಾನಕ್ಕೆ ಹೋಗಿದ್ದನೋ? ಓಡುವ ಗಾಡಿಯಲ್ಲಿ ಡೀಸೆಲ್ ಕುಲುಕಾಡುವುದು ಗೊತ್ತಿದ್ದೇ ಸಾಫ್ಟ್‌ವೇರಿನವರು ಕೆಲವು ನಿಮಿಷಗಳ ಸರಾಸರಿ ತೆಗೆದು ತೋರಿಸುತ್ತಾರೆ. ಆದರೆ ಊಟಕ್ಕೆಂದು ಇಳಿಜಾರಿನ ಢಾಬಾದ ಮುಂದೆ ನಿಲ್ಲಿಸಿ ಮಲಗಿದರೆ ಸರಾಸರಿಯೂ ಸೊಟ್ಟಗೇ ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಮೊಬೈಲ್ ಟಿಣ್ ಎನ್ನುತ್ತದೆ, ಯಜಮಾನರು ಎದ್ದು ಕೂರುತ್ತಾರೆ, ಮನೆಯಾಕೆ "ಯಾರದು ಈ ಹೊತ್ತಲ್ಲಿ ಮೆಸೇಜು?" ಎಂದು ದೀಪ ಹಾಕುತ್ತಾರೆ. "ಡೀಸೆಲ್ ಟ್ಯಾಂಕಿಂದು ಕಣೇ" ಎಂಬ ಸತ್ಯವನ್ನು ನಂಬುವ ಹೆಂಡತಿ ಇನ್ನೂ ಹುಟ್ಟಿಲ್ಲ.

ಬಿಸಿಲೂ ಈ ನಾಟಕದಲ್ಲಿ ಒಂದು ಪಾತ್ರ. ಡೀಸೆಲ್ ಬಿಸಿಯಾದರೆ ಹಿಗ್ಗುತ್ತದೆ. 300 ಲೀಟರ್ 15 ಡಿಗ್ರಿ ಬಿಸಿ ಏರಿದರೆ ಮೂರೂವರೆ ಲೀಟರಿಗೂ ಮೇಲೆ ಉಬ್ಬುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಇದೇನು ಮಹಾ? ಮೇಲಾಗಿ ಇಂಜಿನ್ನಿಗೆ ಹೋದ ಡೀಸೆಲ್ ಎಲ್ಲ ಉರಿಯುವುದಿಲ್ಲ, ಮಿಕ್ಕದ್ದು ಬಿಸಿಯಾಗಿ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೇ ವಾಪಸ್ ಬರುತ್ತದೆ. ಹಗಲೆಲ್ಲ ಓಡಿ ಸಂಜೆ ನಿಂತ ಗಾಡಿ ರಾತ್ರಿ ತಣ್ಣಗಾಗುವಾಗ ಒಂದೆರಡು ಲೀಟರನ್ನು ತಾನೇ ನುಂಗಿಕೊಳ್ಳುತ್ತದೆ. ಕ್ಲೀನರ್ ಹುಡುಗ ಪಾಪ ಅದರ ಕೆಳಗೇ ಚಾಪೆ ಹಾಕಿ ಮಲಗಿರುತ್ತಾನೆ, ಮೊದಲು ಬೈಸಿಕೊಳ್ಳುವವನು ಅವನೇ.

ಹಾಗೆಂದು ಕಳ್ಳರೇ ಇಲ್ಲ, ಎಲ್ಲಾ ಭೌತಶಾಸ್ತ್ರ ಎಂದರೆ ಡ್ರೈವರಣ್ಣನೂ ನಕ್ಕುಬಿಡುತ್ತಾನೆ. ಪೈಪು ಹಾಕಿ ಬಾಯಲ್ಲಿ ಎಳೆದು ಕ್ಯಾನಿಗೆ ಇಳಿಸುವುದು ಹಳೇ ಕಸುಬು, ಸೆನ್ಸರಿಗೆ ಮೊದಲು ಸಿಕ್ಕಿಬೀಳುವುದೂ ಅದೇ, ಏಕೆಂದರೆ ನಿಂತ ಗಾಡಿಯಲ್ಲಿ ಗೆರೆ ಒಮ್ಮೆಗೇ ಧೊಪ್ಪನೆ ಬೀಳುತ್ತದೆ. ಇಳಿಸಿದ ಡೀಸೆಲ್ಲಿನ ಜಾಗಕ್ಕೆ ನೀರು ಸುರಿಯುವ ಮಹಾನುಭಾವರೂ ಇದ್ದರು. ಹಳೇ ಫ್ಲೋಟಿಗೆ ಅದು ಗೊತ್ತಾಗುತ್ತಿರಲಿಲ್ಲ, ತೇಲಿಕೊಂಡು ಆರಾಮಾಗಿ ಇರುತ್ತಿತ್ತು. ಈ ಕೋಲಿನ ಮುಂದೆ ಆ ಆಟ ನಡೆಯದು. ವಿದ್ಯುತ್ತಿನ ಲೆಕ್ಕದಲ್ಲಿ ಡೀಸೆಲ್ ಗಾಳಿಯ ಎರಡರಷ್ಟಾದರೆ ನೀರು ಎಂಬತ್ತರಷ್ಟು. ಕೊಳವೆಯ ಬುಡಕ್ಕೆ ಸ್ವಲ್ಪ ನೀರು ಮುಟ್ಟಿದರೂ ರೀಡಿಂಗ್ ಹುಚ್ಚು ಹಿಡಿದಂತೆ ಏರುತ್ತದೆ. ಅರ್ಧ ಟ್ಯಾಂಕಿನ ಗಾಡಿ ಮೊಬೈಲಿನಲ್ಲಿ ತುಂಬಿ ತುಳುಕುತ್ತದೆ. ಇಂಜೆಕ್ಟರುಗಳ ಗತಿ ಏನಾಯಿತು ಎಂಬುದಕ್ಕೆ ಬೇರೆ ಬಿಲ್ಲು ಬರುತ್ತದೆ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆಸುತ್ತಾರಲ್ಲ, ಅದೂ ಈ ಜಾತಿಯ ಸೆನ್ಸರನ್ನು ಪೇಚಿಗೆ ಸಿಕ್ಕಿಸುತ್ತದೆ. ಎಥನಾಲ್ ಗಾಳಿಯ ಇಪ್ಪತ್ತನಾಲ್ಕರಷ್ಟು ಆಸುಪಾಸು. ಬರೀ ಪೆಟ್ರೋಲಿನಲ್ಲಿ ಪಾಠ ಕಲಿತ ಕೋಲು ಮಿಶ್ರಣ ಕಂಡರೆ ಇಲ್ಲದ ಲೀಟರನ್ನೂ ಎಣಿಸತೊಡಗುತ್ತದೆ. ಅದರ ಮಾತು ನಂಬಿ ಹೊರಟವರು ರಿಸರ್ವ್‌ನಲ್ಲಿದ್ದೂ ಸಾಹುಕಾರರು.

ಸೆನ್ಸರಿನ ಬಾಯಿ ಮುಚ್ಚಿಸುವ ಇನ್ನೊಂದು ದಾರಿ ವೈರು. "ಇಲಿ ಕಚ್ಚಿದೆ ಯಜಮಾನ್ರೇ." ಇಲಿ ಕಚ್ಚುವುದು ಸುಳ್ಳಲ್ಲ, ಶೆಡ್ಡಿನ ಇಲಿಗಳು ಯಾವ ವೈರನ್ನೂ ಬಿಟ್ಟಿಲ್ಲ. ಆದರೆ ಗಾಡಿಯಲ್ಲಿರುವ ಅಷ್ಟೂ ವೈರಿನಲ್ಲಿ ಇದೊಂದೇ ರುಚಿಯೆಂದು ಹುಡುಕಿ, ಬ್ಲೇಡಿನಷ್ಟು ನೇರವಾಗಿ ಕಚ್ಚುವ ಇಲಿಗೆ ತರಬೇತಿ ಕೊಟ್ಟವರು ಯಾರು ಎಂಬುದು ಪ್ರಶ್ನೆ. ಅದಕ್ಕೇ ವೈರನ್ನು ಸುರುಳಿ ಪೈಪಿನೊಳಗೆ ತೂರಿಸಿ ಚಾಸಿಯ ಒಳಬದಿಯಲ್ಲಿ, ಸೈಲೆನ್ಸರಿನಿಂದ ದೂರ ಕಟ್ಟಿಕೊಂಡು ಹೋಗುತ್ತಾರೆ. ಟೋಪಿಗೆ ನಂಬರ್ ಇರುವ ಸೀಲು ಹಾಕಿ ಫೋಟೊ ಹೊಡೆದಿಟ್ಟುಕೊಳ್ಳುತ್ತಾರೆ. ಸೀಲಿನ ಮುಂದೆ ಇಲಿಗಳು ಸಾಮಾನ್ಯವಾಗಿ ಸಂಯಮ ತೋರಿಸುತ್ತವೆ.

ಡ್ರೈವರುಗಳ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಲ ನನಗೆ ಯಾರೂ ಲಿಫ್ಟ್ ಕೊಡುವುದಿಲ್ಲ. ಸಿಕ್ಕುವ ಬತ್ತಾದಲ್ಲಿ ಊಟ, ಟೀ, ದಾರಿಯ ಕೈಬಿಸಿ ಎಲ್ಲ ತೂಗಿಸಿಕೊಂಡು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಬರುವವನನ್ನು ಒಂದು ಗೆರೆ ಇಳಿಯಿತೆಂದು ಕಳ್ಳ ಅನ್ನುವುದು ಸುಲಭ. ಚೆನ್ನಾಗಿ ಕ್ಯಾಲಿಬ್ರೇಶನ್ ಮಾಡಿದ ಸೆನ್ಸರಿಗೂ ನೂರಕ್ಕೆ ಒಂದು ಆಚೀಚೆ ಇದ್ದದ್ದೇ. 300 ಲೀಟರಿನಲ್ಲಿ ಅದೇ 3 ಲೀಟರ್. ಎರಡು ಲೀಟರಿಗೆ ಸಂಬಳ ಹಿಡಿಯುವ ಯಜಮಾನರು ತಮ್ಮ ಕೋಲಿಗೇ ಕಾಣದ ಡೀಸೆಲ್ಲಿಗೆ ಜಗಳ ಆಡುತ್ತಿರುತ್ತಾರೆ. ಆದ್ದರಿಂದ ಬುದ್ಧಿವಂತ ಡ್ರೈವರುಗಳು ಈಗೀಗ ಸೆನ್ಸರಿಗೆ ಕೈ ಮುಗಿಯುವುದನ್ನು ಕಲಿತಿದ್ದಾರೆ. ಬಂಕಿನಲ್ಲಿ ಹಾಕಿಸುವ ಮೊದಲೊಂದು ಸ್ಕ್ರೀನ್‌ಶಾಟ್, ಹಾಕಿಸಿದ ಮೇಲೊಂದು ಸ್ಕ್ರೀನ್‌ಶಾಟ್.

ಬಂಕಿನವರದ್ದೂ ಒಳಗೊಳಗೆ ಇದೇ ಕಥೆ. ನೆಲದೊಳಗಿನ ಟ್ಯಾಂಕಿಗೆ ಬೆಳಿಗ್ಗೆ ಬೆಳಿಗ್ಗೆ ಗುರುತು ಹಾಕಿದ ಉದ್ದನೆಯ ಕೋಲು ಇಳಿಸುತ್ತಾರೆ. ಎಷ್ಟು ಎತ್ತರ ನೆನೆಯಿತು ನೋಡಿ, ಚಾರ್ಟಿನಲ್ಲಿ ಹುಡುಕಿ ಲೀಟರ್ ಬರೆದುಕೊಳ್ಳುತ್ತಾರೆ. ಕೋಲಿನ ತುದಿಗೆ ಒಂದು ಪೇಸ್ಟು ಹಚ್ಚಿರುತ್ತಾರೆ, ತಳದಲ್ಲಿ ನೀರಿದ್ದರೆ ಅದರ ಬಣ್ಣ ಬದಲಾಗುತ್ತದೆ. ನಿಮಗೆ ಅವರ ಮೇಲೆ ಅನುಮಾನವಿದ್ದರೆ ಮುದ್ರೆ ಹೊಡೆದ 5 ಲೀಟರಿನ ಅಳತೆ ಪಾತ್ರೆ ಅಲ್ಲೇ ಇರುತ್ತದೆ, ಕೇಳಿ ಅಳೆಸಬಹುದು, 25 ಮಿಲಿಲೀಟರಿನ ಆಚೀಚೆಗೆ ಕಾನೂನಿನ ಮಾಫಿ ಇದೆ. ಕೇಳುವವರು ಮಾತ್ರ ಇಲ್ಲ. "ಸೊನ್ನೆ ನೋಡ್ಕೊಳ್ಳಿ ಸಾರ್" ಎಂದಾಗ ಕಾರಿನ ಕಿಟಕಿಯಿಂದ ಕತ್ತು ಹೊರಳಿಸಿ ಗಂಭೀರವಾಗಿ ಸೊನ್ನೆ ನೋಡುವುದಷ್ಟೇ ನಮ್ಮ ಗ್ರಾಹಕ ಜಾಗೃತಿ.

ಇನ್ನು ನನಗೆ ಗೊತ್ತಿರುವ ಒಬ್ಬ ಯಜಮಾನರ ವಿಚಾರ. ಹೆಸರು ಬೇಡ, ಹೇಳಿದರೆ ಅವರ ಮನೆಯ ಹೋಳಿಗೆ ತಪ್ಪಿಹೋಗುತ್ತದೆ. ಗಾಡಿಗಳಿಗೆಲ್ಲ ಸೆನ್ಸರ್ ಹಾಕಿಸಿದರು. ರಸಮಟ್ಟ ಇಟ್ಟು, ನಟ್ಟನಡುವೆ ತೂತು ಕೊರೆಸಿ, ಹತ್ತು ಹತ್ತು ಲೀಟರ್ ಅಳೆದು ಸುರಿಸಿ, ಪಾಲಿಸಬೇಕಾದ ನೇಮವನ್ನೆಲ್ಲ ಪಾಲಿಸಿದರು. ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ "ಇನ್ಮೇಲೆ ಒಂದು ತೊಟ್ಟು ಆಚೀಚೆ ಆದ್ರೂ ನಂಗೆ ಗೊತ್ತಾಗುತ್ತೆ" ಎಂದು ಭಾಷಣ ಮಾಡಿದರು. ತಿಂಗಳ ಕೊನೆಗೆ ಲೆಕ್ಕ ತೆಗೆದರೆ ನಿಂತ ಗಾಡಿಯಿಂದ ಒಂದು ಲೀಟರೂ ಇಳಿದಿಲ್ಲ. ದಾರಿಯ ಖರ್ಚು ಸರಿಯಾಗಿದೆ, ಮೈಲೇಜು ಕಂಪನಿಯವರು ಹೇಳಿದ್ದಕ್ಕೆ ಹತ್ತಿರವೇ ಇದೆ. ಆದರೆ ಡೀಸೆಲ್ ಹಾಕಿಸಿದ ಕಡೆಯಲ್ಲೆಲ್ಲ ಒಂದು ವಿಚಿತ್ರ. ಬಿಲ್ಲಿನಲ್ಲಿ 180 ಲೀಟರ್ ಎಂದಿದ್ದರೆ ಟ್ಯಾಂಕಿನಲ್ಲಿ ಏರಿದ್ದು 160. ಬಿಲ್ಲಿನಲ್ಲಿ 200 ಎಂದಿದ್ದರೆ ಟ್ಯಾಂಕಿನಲ್ಲಿ 180. ಎಲ್ಲಾ ಗಾಡಿಗೂ ಹಾಗೆಯೇ, ಒಂದೇ ಬಂಕಿನಲ್ಲಿ. ಆ ಬಂಕಿನಲ್ಲಿ ಡ್ರೈವರುಗಳು ದುಡ್ಡು ಕೊಡುವುದಿಲ್ಲ, ಬಿಲ್ಲೂ ಮುಟ್ಟುವುದಿಲ್ಲ. ಅಲ್ಲಿ ಅಕೌಂಟು. ತಿಂಗಳಿಗೊಮ್ಮೆ ಹೋಗಿ ಕೂತು, ಟೀ ಕುಡಿದು, ಲೆಕ್ಕ ಚುಕ್ತಾ ಮಾಡಿಕೊಂಡು ಬರುವವರು ಯಜಮಾನರ ಬಾಮೈದ.

ಮೆಕ್ಯಾನಿಕ್ ಈ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡಿ, ತುಂಬಾ ಹೊತ್ತು ಸೀಲಿಂಗ್ ಫ್ಯಾನ್ ನೋಡಿದನಂತೆ. ಯಜಮಾನರು ಒಂದೊಂದೇ ಹಾಳೆ ತಿರುವಿ ಹಾಕಿದರು. ಒಳಗೆ ಅಡುಗೆಮನೆಯ ಕಡೆಗೊಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಕನ್ನಡಕ ತೆಗೆದಿಟ್ಟು, "ನಿಮ್ ಸೆನ್ಸರ್‌ಗಳು ಒಂದೂ ಸರಿ ಇಲ್ಲ ಕಣ್ರೀ," ಎಂದರು. "ಎಲ್ಲಾ ಬಿಚ್ಚಿ. ಮೊದಲಿಂದ ಕ್ಯಾಲಿಬ್ರೇಶನ್ ಮಾಡಿ."